ಅಣ್ಣನ ಬ್ಯಾಟು ನಿಮಗೇಕೆ ಭಾರ?

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಕಡೆ ಭತ್ತದ ಕೊಯ್ಲು ಮುಗಿಯಿತೆಂದರೆ ಗದ್ದೆಗಳೇ ಆಟದ ಬಯಲು. ಮೂರು ಕೋಲು ನೆಟ್ಟರೆ ವಿಕೆಟ್ ಸಿದ್ಧ. ಚೆಂಡು ಟೆನಿಸ್ ಚೆಂಡು. ಬ್ಯಾಟು ಮಾತ್ರ ಹೆಚ್ಚಾಗಿ ಒಂದೇ ಇರುತ್ತದೆ, ಅದೂ ಯಾರದೋ ಅಣ್ಣನದು. ಹೈಸ್ಕೂಲು ಓದುವ ಅಣ್ಣ ಅದರಿಂದ ಚೆಂಡನ್ನು ಬದು ದಾಟಿಸುತ್ತಾನೆ. ಅದೇ ಬ್ಯಾಟು ಐದನೆಯ ತರಗತಿಯ ತಂಗಿಯ ಕೈಗೆ ಬಂದಾಗ, ಚೆಂಡು ಹಿಂದಕ್ಕೆ ಹೋದ ಮೇಲೆ ಬ್ಯಾಟು ಮುಂದಕ್ಕೆ ಬರುತ್ತದೆ! "ನಿನಗ ಆಡಾಕ ಬರಂಗಿಲ್ಲ, ಫೀಲ್ಡಿಂಗ್ ಮಾಡ ಹೋಗು" ಎಂದು ಉಳಿದವರು ಹೇಳಿಬಿಡುತ್ತಾರೆ.

ತಪ್ಪು ತಂಗಿಯದೋ, ಬ್ಯಾಟಿನದೋ? ಬನ್ನಿ, ಪರೀಕ್ಷಿಸಿ ನೋಡೋಣ.

ಮೊದಲು ಬ್ಯಾಟನ್ನು ತೂಗಿ. ಶಾಲೆಯ ಬಿಸಿಯೂಟದ ಅಡುಗೆ ಕೋಣೆಯಲ್ಲಿ ತಕ್ಕಡಿ ಇರುತ್ತದೆ, ಕೇಳಿ ಪಡೆಯಿರಿ. ದೊಡ್ಡವರು ಆಡುವ ಪೂರ್ಣ ಅಳತೆಯ ಕ್ರಿಕೆಟ್ ಬ್ಯಾಟು ಸಾಮಾನ್ಯವಾಗಿ 1.1ರಿಂದ 1.3 ಕಿಲೋಗ್ರಾಂ ತೂಗುತ್ತದೆ. ಇಷ್ಟೇನಾ ಎನ್ನುತ್ತೀರಾ? ನೀರು ತುಂಬಿದ ಒಂದು ಲೀಟರ್ ಬಾಟಲಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಆ ಬಾಟಲಿಯನ್ನು ನೀವು ದಿನವೂ ಆರಾಮಾಗಿ ಶಾಲೆಗೆ ತರುತ್ತೀರಿ. ಹಾಗಿದ್ದರೆ ಬ್ಯಾಟು ಬೀಸುವಾಗ ಮಾತ್ರ ಕೈ ಸೋಲುವುದೇಕೆ?

ಈಗ ಬ್ಯಾಟನ್ನು ತಲೆಕೆಳಗು ಮಾಡಿ. ಅಗಲವಾದ ಭಾಗವನ್ನು ಕೈಯಲ್ಲಿ ಹಿಡಿದು, ಹಿಡಿಕೆಯನ್ನು ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ಬೀಸಿ. ಎಷ್ಟು ಹಗುರ! ತೂಕ ಒಂದು ಗ್ರಾಂ ಕೂಡ ಬದಲಾಗಿಲ್ಲ. ಬದಲಾದದ್ದು, ಆ ತೂಕ ನಿಮ್ಮ ಕೈಯಿಂದ ಎಷ್ಟು ದೂರ ಇದೆ ಎಂಬುದು.

ತಕ್ಕಡಿಗೆ ತಿಳಿಯದ ಈ ಗುಣಕ್ಕೆ ತಿರುಗುವಿಕೆಯ ಜಡತ್ವ ಎನ್ನೋಣ. ಒಂದು ಕೋಲಿಗೆ ನಿಮ್ಮ ಕೈಯಿಂದ 20 ಸೆಂ.ಮೀ. ದೂರದಲ್ಲಿ ಹಸಿ ಮಣ್ಣಿನ ಉಂಡೆ ಮೆತ್ತಿ ಬೀಸಿ. ಆಮೇಲೆ ಅದೇ ಉಂಡೆಯನ್ನು 40 ಸೆಂ.ಮೀ. ದೂರಕ್ಕೆ ಸರಿಸಿ ಬೀಸಿ. ದೂರ ಎರಡು ಪಟ್ಟಾಯಿತು, ಆದರೆ ಉಂಡೆಯನ್ನು ತಿರುಗಿಸುವ ಕಷ್ಟ ನಾಲ್ಕು ಪಟ್ಟು. 60 ಸೆಂ.ಮೀ.ಗೆ ಸರಿಸಿದರೆ ಒಂಬತ್ತು ಪಟ್ಟು. ದೂರದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ.

ಆರು, ಏಳನೆಯ ತರಗತಿಯವರು ಇನ್ನೊಂದು ಲೆಕ್ಕ ಮಾಡಿ. ಒಂದೇ ಮರದ ಎರಡು ಬ್ಯಾಟುಗಳಿವೆ. ಎರಡನೆಯದು ಉದ್ದ, ಅಗಲ, ದಪ್ಪ ಮೂರರಲ್ಲೂ ಮೊದಲನೆಯದಕ್ಕಿಂತ ಹತ್ತನೆಯ ಒಂದು ಪಾಲು ದೊಡ್ಡದು. ಅದರ ತೂಕ 1.1 × 1.1 × 1.1, ಅಂದರೆ 1.33 ಪಟ್ಟು. ಅದನ್ನು ಬೀಸುವ ಕಷ್ಟಕ್ಕೆ ದೂರದ ವರ್ಗವನ್ನೂ ಗುಣಿಸಬೇಕು: 1.33 × 1.1 × 1.1, ಅಂದರೆ 1.61 ಪಟ್ಟು. ನೋಡಲು "ಸ್ವಲ್ಪ ದೊಡ್ಡದು", ಬೀಸಲು ಅರ್ಧಕ್ಕಿಂತಲೂ ಹೆಚ್ಚು ಭಾರ!

ಯೂನಿಫಾರ್ಮ್ ಹೊಲಿಸುವಾಗ ಮುಂದಿನ ವರ್ಷಕ್ಕೂ ಆಗಲಿ ಎಂದು ಅಪ್ಪ ಅಮ್ಮ ಒಂದು ಅಳತೆ ದೊಡ್ಡದು ಹೊಲಿಸುತ್ತಾರಲ್ಲವೇ? ಸಡಿಲ ಅಂಗಿಯಿಂದ ತೊಂದರೆಯಿಲ್ಲ. ಬ್ಯಾಟಿಗೆ ಈ ಉಪಾಯ ಹೊಂದುವುದಿಲ್ಲ. ಭಾರದ ಬ್ಯಾಟು ಹಿಡಿದ ಮಗು ಅದನ್ನು ನೇರವಾಗಿ ಎತ್ತಲಾರದೆ ಅಡ್ಡಡ್ಡ ಬೀಸುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಮಣಿಕಟ್ಟು, ಭುಜ ನೋಯುತ್ತವೆ. ಆ ರೂಢಿ ಬಿಡಿಸುವುದು ಹೊಸ ಬ್ಯಾಟು ಕೊಳ್ಳುವುದಕ್ಕಿಂತ ಕಷ್ಟ.

ಕ್ರಿಕೆಟ್ ನಿಯಮಗಳೂ ದೊಡ್ಡ ಬ್ಯಾಟೇ ಬೇಕೆಂದು ಹೇಳುವುದಿಲ್ಲ. ಉದ್ದ 96.52 ಸೆಂ.ಮೀ., ಅಗಲ 10.8 ಸೆಂ.ಮೀ. ಮೀರಬಾರದು ಎಂದಷ್ಟೇ ಇದೆ. ಇಷ್ಟಾದರೂ ಇರಲೇಬೇಕು ಎಂಬ ಮಿತಿ ಇಲ್ಲ. ತೂಕಕ್ಕಂತೂ ಯಾವ ನಿಯಮವೂ ಇಲ್ಲ. ಅಮೆರಿಕದ ಮಕ್ಕಳು ಆಡುವ ಬೇಸ್‌ಬಾಲ್‌ನ ದುಂಡು ಬ್ಯಾಟುಗಳ ಮೇಲೆ ಉದ್ದವನ್ನು ಇಂಚಿನಲ್ಲಿ, ತೂಕವನ್ನು ಔನ್ಸಿನಲ್ಲಿ ಗುರುತಿಸುತ್ತಾರೆ. ಉದ್ದ 28 ಇಂಚು, ತೂಕ 18 ಔನ್ಸ್ ಇದ್ದರೆ ವ್ಯತ್ಯಾಸ 10. ಇದಕ್ಕೆ ಅವರು 'ಡ್ರಾಪ್' ಎನ್ನುತ್ತಾರೆ. ಡ್ರಾಪ್ ಹೆಚ್ಚಿದ್ದಷ್ಟೂ ಬ್ಯಾಟು ತನ್ನ ಉದ್ದಕ್ಕೆ ಹಗುರ. ಒಳ್ಳೆಯ ಪದ್ಧತಿ, ನಮ್ಮ ಕ್ರಿಕೆಟ್ ಬ್ಯಾಟುಗಳ ಮೇಲೂ ಹೀಗೆ ಬರೆದಿದ್ದರೆ ಅನುಕೂಲವಾಗುತ್ತಿತ್ತು. ಮಕ್ಕಳ ಬ್ಯಾಟುಗಳಿಗೆ 1ರಿಂದ 6ರವರೆಗೆ ಅಳತೆ ಸಂಖ್ಯೆಗಳಿವೆ, ಆದರೆ ಕಂಪನಿಯಿಂದ ಕಂಪನಿಗೆ ಉದ್ದ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಸಂಖ್ಯೆಗಿಂತ ನಿಮ್ಮ ದೇಹವನ್ನೇ ಅಳತೆಗೋಲು ಮಾಡಿಕೊಳ್ಳಿ.

ಮುಂಡಗೋಡಿನ ಅಂಗಡಿಗೆ ಹೋದಾಗ ನೆಟ್ಟಗೆ ನಿಂತು ಬ್ಯಾಟಿನ ತುದಿಯನ್ನು ಪಾದದ ಪಕ್ಕ ನೆಲಕ್ಕೆ ಊರಿ. ಹಿಡಿಕೆಯ ಮೇಲ್ತುದಿ ತೊಡೆ ಸೊಂಟಕ್ಕೆ ಸೇರುವ ಜಾಗದ ಹತ್ತಿರ ಬಂದರೆ ಉದ್ದ ಸರಿ. ಹೊಟ್ಟೆಯವರೆಗೆ ಬಂದರೆ ಅದು ಅಣ್ಣನ ಬ್ಯಾಟು! ಆಮೇಲೆ, ಹಿಡಿಕೆಯ ಮೇಲ್ಭಾಗ ಹಿಡಿಯುವ ಕೈ ಯಾವುದೆಂದು ನೋಡಿಕೊಳ್ಳಿ. ಬಲಗೈ ಆಟಗಾರರಿಗೆ ಅದು ಎಡಗೈ. ಆ ಒಂದೇ ಕೈಯಿಂದ ಬ್ಯಾಟನ್ನು ಭುಜದ ಮಟ್ಟದಲ್ಲಿ ನೇರ ಮುಂದಕ್ಕೆ ಚಾಚಿ ಹತ್ತು ಎಣಿಸಿ. ಹತ್ತರೊಳಗೆ ತುದಿ ಬಾಗಿದರೆ, ಕೈ ನಡುಗಿದರೆ, ಇನ್ನೂ ಹಗುರವಾದುದನ್ನು ಕೇಳಿ. ಅಂಗಡಿಯವರು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ.

ಹೊಸ ಬ್ಯಾಟು ಕೊಳ್ಳಲಾಗದಿದ್ದರೆ? ಹಳೆಯ ದೊಡ್ಡ ಬ್ಯಾಟನ್ನು ಊರಿನ ಬಡಿಗೇರರ ಬಳಿ ಒಯ್ದು ಕೆಳತುದಿಯಲ್ಲಿ 5 ಸೆಂ.ಮೀ. ಕೊಯ್ಯಿಸಬಹುದು. (ಅಣ್ಣನನ್ನು ಕೇಳದೆ ಈ ಕೆಲಸ ಮಾಡಬೇಡಿ!) ಕೆಳತುದಿಯೇ ಕೈಯಿಂದ ಅತಿ ದೂರದ ಭಾಗ. ಅಲ್ಲಿ ತೂಕ ಸುಮಾರು ಹನ್ನೆರಡನೆಯ ಒಂದು ಪಾಲು ಕಡಿಮೆಯಾದರೆ, ಬೀಸುವ ಕಷ್ಟ ಆರನೆಯ ಒಂದು ಪಾಲಿನಷ್ಟು ಇಳಿಯುತ್ತದೆ. ಕೊಯ್ದ ತುದಿಗೆ ಬಣ್ಣ ಬಳಿಯಿರಿ, ಇಲ್ಲವಾದರೆ ಗದ್ದೆಯ ತೇವವನ್ನು ಅದು ಹೀರಿಕೊಳ್ಳುತ್ತದೆ.

ಬಡಿಗೇರರಿಂದ ಹೊಸದನ್ನೇ ಮಾಡಿಸುವುದಾದರೆ ಮರ ಯಾವುದು? ಕಂಪನಿಯ ಒಳ್ಳೆಯ ಬ್ಯಾಟುಗಳು ವಿಲೋ ಮರದವು. ಕಾಶ್ಮೀರದ ಅನಂತನಾಗ ಜಿಲ್ಲೆಯ ಸಂಗಮ್, ಬಿಜ್‌ಬೆಹಾರಾ ಸುತ್ತ ಇವನ್ನು ತಯಾರಿಸುತ್ತಾರೆ. ಒಣಗಿದ ವಿಲೋ ಒಂದು ಘನ ಸೆಂಟಿಮೀಟರಿಗೆ ಸುಮಾರು 0.45 ಗ್ರಾಂ ತೂಗುತ್ತದೆ. ನಮ್ಮ ಕಾಡಿನ ಸಾಗವಾನಿ ಸುಮಾರು 0.65 ಗ್ರಾಂ, ಮತ್ತಿ 0.9ರ ಹತ್ತಿರ. 50 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ ಹಲಗೆ ವಿಲೋ ಆದರೆ 675 ಗ್ರಾಂ, ಸಾಗವಾನಿ 975, ಮತ್ತಿ 1350! ಮತ್ತಿ ಮನೆಯ ತೊಲೆಗೆ ಚೆಂದ, ಬ್ಯಾಟಿಗೆ ಬೇಡ. ಸಾಗವಾನಿಯ ಚೂರು ಹಲಗೆ ಸಿಕ್ಕರೆ 2 ಸೆಂ.ಮೀ.ಗೆ ಹೆರೆಸಿ, ತೂಕ 650 ಗ್ರಾಂಗೆ ಬರುತ್ತದೆ. ಟೆನಿಸ್ ಚೆಂಡಿನ ತೂಕ 60 ಗ್ರಾಂ ಕೂಡ ಇಲ್ಲ, ತೊಗಲಿನ ಕ್ರಿಕೆಟ್ ಚೆಂಡಿನದು 156ರಿಂದ 163 ಗ್ರಾಂ. ಹಾಗಾಗಿ ನಿಮ್ಮ ಆಟಕ್ಕೆ ತೆಳು ಹಲಗೆ ಸಾಕು. ತೊಗಲಿನ ಚೆಂಡಿಗೆ ಮಾತ್ರ ಇದನ್ನು ಬಳಸಬೇಡಿ. ಬ್ಯಾಟಿಗಾಗಿ ಕಾಡಿನ ಮರಕ್ಕೆ ಕೊಡಲಿ ಹಾಕುವ ಮಾತೂ ಬೇಡ, ಅದು ಅಪರಾಧ.

ಬಿದಿರು ಆಗದೇ? ದಾಂಡೇಲಿಯ ಕಾಗದದ ಕಾರ್ಖಾನೆ ನಮ್ಮ ಜಿಲ್ಲೆಗೆ ಬಂದದ್ದೇ ಇಲ್ಲಿನ ಬಿದಿರನ್ನು ನಂಬಿ. 2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಬಿದಿರಿನ ಪಟ್ಟಿಗಳನ್ನು ಅಂಟಿಸಿ ಬ್ಯಾಟು ಮಾಡಿ ನೋಡಿದರು. ಅದು ವಿಲೋಗಿಂತ ಗಡುಸಾಗಿತ್ತು, ಆದರೆ ತೂಕವೂ ಹೆಚ್ಚಿತ್ತು. ನಿಯಮದ ತೊಡಕು ಬೇರೆ. 1979ರಲ್ಲಿ ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ ಪರ್ತ್ ಟೆಸ್ಟಿನಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದು ಗಲಾಟೆಯಾದ ಮೇಲೆ, ಬ್ಯಾಟಿನ ಅಲಗು ಮರದ್ದೇ ಆಗಿರಬೇಕೆಂಬ ನಿಯಮ ಬಂತು. ಬಿದಿರು ಸಸ್ಯಶಾಸ್ತ್ರದ ಪ್ರಕಾರ ಮರವಲ್ಲ, ಹುಲ್ಲು! ಗದ್ದೆಯ ಆಟಕ್ಕೆ ಈ ನಿಯಮ ಅಡ್ಡಿಯಲ್ಲ ಬಿಡಿ.

ಮಾಡಿ ನೋಡಿ

ಬಡಿಗೇರರಿಂದ ಬೇರೆ ಬೇರೆ ಮರಗಳ ಚಪ್ಪಟೆ ತುಂಡುಗಳನ್ನು ಕೇಳಿ ತನ್ನಿ. ಎಲ್ಲವೂ 4 ಸೆಂ.ಮೀ. ದಪ್ಪ ಇರಲಿ. ಬಕೆಟ್ ನೀರಿನಲ್ಲಿ ತೇಲಿಬಿಟ್ಟು, ಎಷ್ಟು ಭಾಗ ಮುಳುಗಿತೆಂದು ಪೆನ್ಸಿಲಿನಿಂದ ಕೂಡಲೇ ಗುರುತು ಮಾಡಿ. 2.6 ಸೆಂ.ಮೀ. ಮುಳುಗಿದರೆ 2.6 ÷ 4 = 0.65. ಅದೇ ಆ ಮರದ ಸಾಂದ್ರತೆ. ತುಂಡು ಹಸಿಯಾಗಿದ್ದರೆ ಉತ್ತರ ಹೆಚ್ಚು ಬರುತ್ತದೆ. ಅದೇ ತುಂಡನ್ನು ತಿಂಗಳು ಒಣಗಿಸಿ ಮತ್ತೆ ಅಳೆಯಿರಿ.

ಬ್ಯಾಟಿನ ಹಿಡಿಕೆಯ ತುದಿಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ತೂಗಾಡಿಸಿ. ಗೆಳತಿಯೊಬ್ಬಳು ಕೆಳತುದಿಯಿಂದ ಮೇಲಕ್ಕೆ ಎರಡೆರಡು ಸೆಂ.ಮೀ.ಗೆ ಒಮ್ಮೆ ಚೆಂಡಿನಿಂದ ತಟ್ಟುತ್ತ ಬರಲಿ. ಹೆಚ್ಚಿನ ಕಡೆ ಬೆರಳಿಗೆ ಜುಮ್ಮೆನ್ನುತ್ತದೆ. ತುದಿಯಿಂದ ಸುಮಾರು 15 ಸೆಂ.ಮೀ. ಮೇಲೆ ಒಂದು ಜಾಗದಲ್ಲಿ ಕಂಪನ ತೀರಾ ಕಡಿಮೆ. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಚೆಂಡು ತಾಗಬೇಕಾದದ್ದು ಅಲ್ಲಿಗೇ. ಸಂಜೆಯ ಆಟದಲ್ಲಿ ಚೆಂಡು ಆ ಗೆರೆಗೆ ತಾಗಿದಾಗ ಬರುವ ಸದ್ದನ್ನೂ, ತುದಿಗೆ ತಾಗಿದಾಗ ಬರುವ ಸದ್ದನ್ನೂ ಹೋಲಿಸಿ ನೋಡಿ.