ಅಮ್ಮನಿಗೂ ಹೇಳಿಬಿಡಪ್ಪಾ

ನೋಡಪ್ಪಾ, ನೀನು ಇಂಗ್ಲೆಂಡಿಗೆ ಹೋಗಿ ವರ್ಷ ದಾಟಿತು. ಇನ್ನು ಅಲ್ಲಿನ ಅಂಗಾಂಗ ದಾನದ ಕಾನೂನು ನಿನಗೂ ಬಂತು. ಬೇಡವೆಂದು ನೋಂದಾಯಿಸದಿದ್ದರೆ ನೀನು ಒಪ್ಪಿದ್ದೀಯ ಎಂದೇ ಲೆಕ್ಕ. ವೇಲ್ಸ್‌ನಲ್ಲಿ 2015ರಿಂದ, ಇಂಗ್ಲೆಂಡಿನಲ್ಲಿ 2020ರ ಮೇ 20ರಿಂದ ಹೀಗೇ. 18 ತುಂಬದವರು, ಬಂದು 12 ತಿಂಗಳಾಗದವರು ಮುಂತಾದವರು ಹೊರಗೆ.

ಕಾನೂನೇ ನನ್ನ ಪರವಾಗಿ ಹೂಂ ಅಂದಮೇಲೆ ಇನ್ನೇನು ಅಂತೀಯ. ಆದರೆ ನಾಳೆ ಏನಾದರೂ ಆದರೆ (ಬಿಡ್ತು ಅನ್ನು) ಐಸಿಯುಗೆ ಒಬ್ಬ ನರ್ಸ್ ಬಂದು ಮನೆಯವರನ್ನು ಕೇಳಿಯೇ ಕೇಳುತ್ತಾರೆ: ಇವರ ಇಷ್ಟ ಏನಿತ್ತು? ಮನೆಯವರು ಖಡಾಖಂಡಿತವಾಗಿ ಬೇಡವೆಂದರೆ, ಕಾನೂನು ಪರವಾಗಿದ್ದರೂ ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತಾರೆ. ನನ್ನ ಕೇಳಿದರೆ ಅದೇ ಸರಿ. ಅಳುವ ತಾಯಿಯ ಮುಂದೆ ಕಾಯಿದೆ ಓದುವ ಡಾಕ್ಟರನ್ನು ಯಾರು ನಂಬುತ್ತಾರೆ?

ಸ್ಪೇನಿನವರು ಇಂಥದೇ ಕಾನೂನನ್ನು 1979ರಲ್ಲೇ ಮಾಡಿದರು. ಹತ್ತು ವರ್ಷವಾದರೂ ದಾನಿಗಳು ಅಷ್ಟಕ್ಕಷ್ಟೆ. 1989ರಲ್ಲಿ ರಫಾಯೆಲ್ ಮತೆಸಾನ್ಸ್ ಎಂಬ ವೈದ್ಯರ ಮುಂದಾಳತ್ವದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿ, ಮನೆಯವರ ಜೊತೆ ಕೂತು ಮಾತಾಡಲು ಬಲ್ಲವರನ್ನು ಆಸ್ಪತ್ರೆಗಳಲ್ಲಿ ತಯಾರು ಮಾಡಿತು. ಆಮೇಲೆ ಆ ದೇಶ ಜಗತ್ತಿಗೇ ಮುಂದಾಯಿತು. ಇವತ್ತಿಗೂ ಅಲ್ಲಿ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ.

ನಿನ್ನ ಮನೆಯದೇ ತೊಡಕು ಬೇರೆ. ಇಂಗ್ಲೆಂಡಿನ ಕಾಯಿದೆಯಲ್ಲಿ ಒಪ್ಪಿಗೆ ಕೇಳಬೇಕಾದವರ ಸಾಲಿನಲ್ಲಿ ಮೊದಲು ಹೆಂಡತಿ, ಆಮೇಲೆ ತಂದೆತಾಯಿ. ಅವಳು ಹೂಂ ಅನ್ನಬಹುದು. ಆದರೆ ಹಾಸನದಿಂದ ನಿನ್ನಮ್ಮ ಫೋನಿನಲ್ಲಿ, "ನನ್ನ ಮಗನ ಮೈಗೆ ಕತ್ತಿ ಮುಟ್ಟಿಸಬೇಡ" ಎಂದು ಗೋಳಾಡಿದರೆ? ಆ ಹುಡುಗಿ ಜೀವಮಾನವಿಡೀ ಆ ಮಾತು ಹೊತ್ತು ತಿರುಗಬೇಕು. ಬ್ರಿಟನ್ನಿನ ಏಷ್ಯನ್ ಮನೆಗಳಲ್ಲಿ ಒಪ್ಪಿಗೆ ಕಡಿಮೆ. ಕಿಡ್ನಿ ಹೊಂದಾಣಿಕೆ ಹೆಚ್ಚಾಗಿ ತಮ್ಮ ಮೂಲದವರ ಜೊತೆಗೇ ಆಗುವುದರಿಂದ ಕಾಯುತ್ತಾ ಕೂರುವವರೂ ನಮ್ಮವರೇ.

ಅದಕ್ಕೇ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಅಂಗಾಂಗ ದಾನ ನೋಂದಣಿಯಲ್ಲಿ ನಿನ್ನ ತೀರ್ಮಾನ ದಾಖಲಿಸು. ಕಿಡ್ನಿ ಕೊಡುತ್ತೇನೆ, ಕಣ್ಣು ಬೇಡ ಅಂತಲೂ ಆರಿಸಬಹುದು. ದೇಹವನ್ನು ಹೊಲಿದು ಮರ್ಯಾದೆಯಿಂದ ಕೊಡುತ್ತಾರೆ, ಕರ್ಮಾಂತರಕ್ಕೆ ಅಡ್ಡಿಯಿಲ್ಲ ಎಂದು ಅಮ್ಮನಿಗೆ ನೀನೇ ತಿಳಿಸು. ನಾನು ಹೇಳಿದರೆ ಕೇಳುವವಳಲ್ಲ ಅವಳು. ಕೊಡಲು ಮನಸ್ಸಿಲ್ಲದಿದ್ದರೆ ಅದನ್ನೂ ಹೇಳು, ತಪ್ಪೇನಿಲ್ಲ. ಈ ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡುವಾಗ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರಿಗೂ ಒಟ್ಟಿಗೇ ಹೇಳು.