ಲಿಥಿಯಂ ಹುಡುಕಲು ಬಂದವರು, ಜಿಪಿಎ ಕೇಳುವವರು

ಹೊಲದಡಿ ಲಿಥಿಯಂ ಇದೆಯಂತೆ ಎಂಬ ಸುದ್ದಿ ಹಬ್ಬಿದ ಊರಿಗೆ ಭೂವಿಜ್ಞಾನಿಗಿಂತ ಮೊದಲು ದಲ್ಲಾಳಿ ಬರುತ್ತಾನೆ. ಕಕ್ಷಿದಾರರು ನನ್ನ ಬಳಿ ಬರುವುದು ಅವನಿಗೆ ಸಹಿ ಹಾಕಿಕೊಟ್ಟ ಮೇಲೆ.

ಶೋಧನೆ ಎಂದರೆ ಗಣಿಯಲ್ಲ. ಮಂಡ್ಯದ ಮರಳಗಾಲದಲ್ಲಿ 1,600 ಟನ್ ಎಂದದ್ದು ಅಂದಾಜು. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ 59 ಲಕ್ಷ ಟನ್ ಎಂದರು. ಹರಾಜಿಗೆ ಸಾಕಷ್ಟು ಬಿಡ್ಡುದಾರರೇ ಬರಲಿಲ್ಲ. ಕೊಳವೆ ಕೊರೆದ ಮಾತ್ರಕ್ಕೆ ಪಹಣಿಯಲ್ಲಿ ನಿಮ್ಮ ಹೆಸರು ಅಳಿಯದು.

ಕೊರೆಯುವ ಯಂತ್ರ ಬಂದರೆ ಶೋಧನಾ ಪರವಾನಗಿಯ ಪ್ರತಿ ಕೇಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಂಥ (ಜಿಎಸ್‌ಐ) ಸರ್ಕಾರಿ ಸಂಸ್ಥೆಗೆ ಅದು ಬೇಕಿಲ್ಲ, ಅವರಿಂದ ಇಲಾಖೆಯ ಪತ್ರ ಕೇಳಿ. ಪರವಾನಗಿದಾರನಿಗೆ ಹೊಲಕ್ಕಿಳಿಯುವ ಹಕ್ಕಿದೆ. ಅಡ್ಡಗಟ್ಟಿ ಕೇಸು ಹಾಕಿಸಿಕೊಳ್ಳಬೇಡಿ. ಮನೆಗೂ ಮನೆಗೆ ಹೊಂದಿದ ಬೇಲಿಯೊಳಗಿನ ಅಂಗಳ, ತೋಟಕ್ಕೂ ಕಾಲಿಡಲು ನಿಮ್ಮ ಒಪ್ಪಿಗೆ ಬೇಕು, ಇಲ್ಲವೇ ಏಳು ದಿನ ಮೊದಲೇ ಲಿಖಿತ ನೋಟಿಸ್ ಕೊಟ್ಟಿರಬೇಕು.

ಪರವಾನಗಿದಾರ ಮಾಡಿದ ಬೆಳೆನಷ್ಟಕ್ಕೆ ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಮಿನಡಿ ಪರಿಹಾರವಿದೆ. ಅದು ನೆಲ ಯಾರ ಅನುಭವದಲ್ಲಿದೆಯೋ ಅವರಿಗೆ. ಗೇಣಿಗೆ ಉಳುವವರೂ ಕೇಳಬಹುದು. ಮೊತ್ತ ಗೊತ್ತುಮಾಡುವುದು ರಾಜ್ಯ ಸರ್ಕಾರ, ಕಂಪನಿಯ ಮೇಸ್ತ್ರಿಯಲ್ಲ. ಯಂತ್ರ ಇಳಿಯುವ ಮುನ್ನವೇ ಬೆಳೆ, ಬದು, ಪೈಪುಗಳ ಫೋಟೊ ತೆಗೆದು ಪಂಚನಾಮೆಗೆ ಅರ್ಜಿ ಕೊಡಿ. ‘ನಮಗೆ ಆದೇಶ ಬಂದಿಲ್ಲ’ ಎನ್ನುತ್ತಾರೆ ಕಚೇರಿಯವರು. ಅವರಿಗೆ ಯಾವಾಗ ಬಂದಿತ್ತು? ಆದರೂ ಅರ್ಜಿಯನ್ನು ತಹಶೀಲ್ದಾರರ ಕಚೇರಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಜನ ಮುಳುಗುವುದು ಮಾತ್ರ ಜಿಪಿಎಯಲ್ಲಿ, ಅಂದರೆ ಸಾಮಾನ್ಯ ಅಧಿಕಾರಪತ್ರದಲ್ಲಿ. ‘ಪರಿಹಾರ ತರಲು ಒಂದು ಜಿಪಿಎ ಕೊಡಿ, ಕಚೇರಿ ಅಲೆದಾಟ ನನಗಿರಲಿ’ ಎನ್ನುತ್ತಾನೆ ದಲ್ಲಾಳಿ. ಕಚೇರಿಯೆಂದರೆ ಹೆದರುವವರಿಗೆ ಇದು ಉಪಕಾರದಂತೆ ಕಾಣುತ್ತದೆ. ಪರಿಹಾರಕ್ಕೆ ಜಿಪಿಎ ಬೇಕಿಲ್ಲ. ಜಿಪಿಎಯಿಂದ ಮಾಲೀಕತ್ವ ವರ್ಗವಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ನಿಜ. ಆದರೆ ಒಳಪುಟದಲ್ಲಿ ಮಾರುವ ಅಧಿಕಾರವನ್ನೂ ಬರೆಸಿಕೊಂಡಿದ್ದರೆ, ನಿಮ್ಮ ಹೆಸರಿನಲ್ಲೇ ಮೂರನೆಯವನಿಗೆ ಕ್ರಯಪತ್ರ ಮಾಡಿಕೊಡಬಲ್ಲ. ರದ್ದು ಮಾಡಬಹುದಲ್ಲ ಎನ್ನಬೇಡಿ: ಮುಂಗಡ ಮುಟ್ಟಿದ್ದರೆ ತನ್ನ ಹಿತಾಸಕ್ತಿಯೂ ಅದರಲ್ಲಿದೆಯೆಂದು ವಾದ ಹೂಡುತ್ತಾನೆ, ವರ್ಷಗಟ್ಟಲೆ ಕೋರ್ಟು. ಈಗಾಗಲೇ ಕೊಟ್ಟಿದ್ದರೆ ತಡಮಾಡದೆ ರದ್ದತಿ ಪತ್ರ ನೋಂದಾಯಿಸಿ, ಅವನಿಗೆ ನೋಟಿಸ್ ಕಳಿಸಿ, ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡಿ.

‘ಗಣಿ ಗುತ್ತಿಗೆ ಕೊಡಿಸುತ್ತೇನೆ’ ಎನ್ನುವವನ ಮಾತಂತೂ ಹಸಿ ಸುಳ್ಳು. 2023ರ ತಿದ್ದುಪಡಿಯ ನಂತರ ಲಿಥಿಯಂ ಗಣಿ ಹರಾಜು ಹಾಕುವುದು ಕೇಂದ್ರ ಸರ್ಕಾರ.

ಸಂಶಯವಿದ್ದರೆ ಗಣಿ ಇಲಾಖೆಗೆ ಸರ್ವೆ ನಂಬರ್ ಬರೆದು, ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಸಲ್ಲಿಸಿ. ಉತ್ತರ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.