ಸೈಕಲ್ ಮೇಲೆ ಚೀನಾದ ಹಳ್ಳಿಗೆ

ಚೀನಾ ನಮ್ಮ ನೆರೆಯ ದೇಶ. ಹಿಮಾಲಯದ ಆಚೆ ಇದೆ. ಬಹಳ ದೊಡ್ಡ ದೇಶ. ಅಲ್ಲಿನ ಪಟ್ಟಣಗಳ ಸುದ್ದಿ ಟಿ.ವಿ.ಯಲ್ಲಿ ಬರುತ್ತದೆ. ಹಳ್ಳಿಗಳ ಸುದ್ದಿ ಬರುವುದು ಕಡಿಮೆ. ಈ ಪಾಠದಲ್ಲಿ ನಾವು ಚೀನಾದ ಹಳ್ಳಿಗಳನ್ನು ನೋಡಿ ಬರೋಣ. ಕಾರು ಬೇಡ. ಟೂರಿಸ್ಟ್ ಬಸ್ಸೂ ಬೇಡ. ಸೈಕಲ್ ಸಾಕು. ಖರ್ಚು ಕಡಿಮೆ.

"ಸೈಕಲ್ಲಾ? ಅದೂ ಹೆಂಗಸರಾ?" ಅಂತ ಯಾರಾದರೂ ಕೇಳಬಹುದು. ಕೇಳಲಿ ಬಿಡಿ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ಲನ್ನೂ ಕಲಿತರು. ಆಗಲೂ ನಗುವವರು ನಕ್ಕರು.

ಚೀನಾದಲ್ಲಿ ಸೈಕಲ್ಲಿಗೆ ದೊಡ್ಡ ಮರ್ಯಾದೆ ಇತ್ತು. 1950ರಲ್ಲಿ ತಿಯಾನ್‌ಜಿನ್ ಪಟ್ಟಣದಲ್ಲಿ 'ಹಾರುವ ಪಾರಿವಾಳ' ಎಂಬ ಸೈಕಲ್ ತಯಾರಾಯಿತು. 1970ರ ದಶಕದಲ್ಲಿ ಮದುವೆ ಆಗುವ ಗಂಡು ನಾಲ್ಕು ಸಾಮಾನು ಹೊಂದಿಸಬೇಕು ಅಂತ ಜನ ಬಯಸುತ್ತಿದ್ದರು. ಸೈಕಲ್, ಹೊಲಿಗೆ ಯಂತ್ರ, ಕೈಗಡಿಯಾರ, ರೇಡಿಯೊ. ಕೊಡಬೇಕಾದವನು ಗಂಡು, ಇದನ್ನು ಗಮನಿಸಿ! ದುಡ್ಡಿದ್ದರೂ ಸಾಲದು, ಸೈಕಲ್ ಕೊಳ್ಳಲು ಚೀಟಿಯೂ ಬೇಕಿತ್ತು. ಈಗ ಕಾಲ ಬದಲಾಗಿದೆ. ಹಳ್ಳಿ ದಾರಿಯಲ್ಲೂ ಬ್ಯಾಟರಿ ಸ್ಕೂಟರ್ ಓಡುತ್ತವೆ.

ನಾವು ಹೋಗುವುದು ಚೀನಾದ ದಕ್ಷಿಣಕ್ಕೆ. ಪ್ರಾಂತ್ಯದ ಹೆಸರು ಗ್ವಾಂಗ್‌ಸಿ. ಅಲ್ಲಿ ಗ್ವೀಲಿನ್ ಎಂಬ ಪಟ್ಟಣ ಇದೆ. ಅದರ ಕೆಳಗೆ ಯಾಂಗ್‌ಶುವೊ ಎಂಬ ಊರು. ಹೆಸರು ನಾಲಿಗೆಗೆ ತೊಡಕು. ಎರಡು ಸಲ ಓದಿ, ಸಲೀಸಾಗುತ್ತದೆ. ಈ ಎರಡು ಊರುಗಳ ನಡುವೆ ಲಿ ಎಂಬ ನದಿ ಹರಿಯುತ್ತದೆ. ದೋಣಿಯಲ್ಲಿ ಹೋದರೆ 83 ಕಿಲೋಮೀಟರ್. ದೋಣಿಗೆ ದುಡ್ಡು ಜಾಸ್ತಿ. ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ, ಖರ್ಚು ಕಡಿಮೆ. ನಾವು ಬಸ್ಸು ಹತ್ತೋಣ.

ಬಸ್ಸು ಹತ್ತಬೇಕಾದರೆ ಬೋರ್ಡು ಓದಬೇಕಲ್ಲ? ತೊಂದರೆ ಇರುವುದು ಇಲ್ಲೇ. ಚೀನಾದಲ್ಲಿ ಇಳಿದ ಕೂಡಲೇ ನಾವೆಲ್ಲ ಮತ್ತೆ ಅಕ್ಷರ ಬಾರದವರು. ಬಿ.ಎ. ಓದಿದವರೂ ಅಷ್ಟೇ, ಕಾಲೇಜಿನ ಮೇಷ್ಟ್ರೂ ಅಷ್ಟೇ. ಬೋರ್ಡು ನೋಡಿ ಸುಮ್ಮನೆ ನಿಲ್ಲಬೇಕು. "ಅಣ್ಣಾ, ಇದು ಯಾವ ಊರಿಗೆ?" ಅಂತ ಕೇಳಬೇಕು. ಕೇಳಿದರೂ ಭಾಷೆ ಬರದು. ಅಕ್ಷರ ಬಾರದೆ ನಿಲ್ಲುವುದು ಎಂದರೆ ಏನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮಗೆ ಗೊತ್ತು. ಅದಕ್ಕೇ ನಾವು ಅಲ್ಲಿ ಬೇಗ ಕಲಿಯುತ್ತೇವೆ.

ಚೀನೀ ಬರವಣಿಗೆ ನಮ್ಮದರ ಹಾಗಲ್ಲ. ಅದರಲ್ಲಿ ಕ, ಖ, ಗ ಇಲ್ಲ. ಸಾಮಾನ್ಯವಾಗಿ ಒಂದೊಂದು ಗುರುತಿಗೂ ಒಂದೊಂದು ಅರ್ಥ. ಸಾವಿರಾರು ಗುರುತು ಕಲಿಯಬೇಕು. ನಮಗೆ ನಾಲ್ಕು ಸಾಕು. ಸ್ಲೇಟು ತೆಗೆದುಕೊಳ್ಳಿ.

ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಅದರ ಮೇಲೆ ಮೂರು ಗೆರೆ ನಿಲ್ಲಿಸಿ. ನಡುವಿನದು ಎತ್ತರ ಇರಲಿ. ಮೂರು ಕೋಡು ಕಂಡವೇ? ಇದು ಬೆಟ್ಟ. ಇನ್ನು ಒಂದು ಚೌಕ ಬರೆಯಿರಿ. ಅದರೊಳಗೆ ಕೂಡಿಸುವ ಗುರುತು ಹಾಕಿ. ನಾಲ್ಕು ಮಡಿ ಆದವು. ಇದು ಗದ್ದೆ. ಮರಕ್ಕೆ ಒಂದು ಗುರುತು ಇದೆ. ಅದನ್ನೇ ಎರಡು ಸಲ ಪಕ್ಕಪಕ್ಕ ಬರೆದರೆ ಮರಗಳ ತೋಪು. ತೋಪಿಗೆ ಅವರು 'ಲಿನ್' ಅನ್ನುತ್ತಾರೆ. ಗ್ವೀಲಿನ್ ಊರಿನ ಬೋರ್ಡಿನಲ್ಲಿ ಕೊನೆಯ ಗುರುತು ಅದೇ. 'ಗ್ವೀ' ಎಂದರೆ ಒಂದು ಪರಿಮಳದ ಹೂವಿನ ಮರ. ಆ ಹೂವಿನ ತೋಪೇ ಗ್ವೀಲಿನ್.

ನಾಲ್ಕನೆಯ ಗುರುತು ಎಲ್ಲಕ್ಕಿಂತ ಮುಖ್ಯ. ಅದು ಹೆಣ್ಣು. ಕಕ್ಕಸಿನ ಬಾಗಿಲ ಮೇಲೆ ಇರುತ್ತದೆ! ಬಹಳ ಹಳೆಯ ಕಾಲದಲ್ಲಿ ಇದು ಚಿತ್ರವೇ ಆಗಿತ್ತು. ಮೊಣಕಾಲೂರಿ, ಕೈ ಕಟ್ಟಿ ಕೂತ ಹೆಂಗಸಿನ ಚಿತ್ರ. ಗಂಡಸಿಗೆ ಬೇರೆ ಗುರುತು. ಮೇಲೆ ಗದ್ದೆ, ಕೆಳಗೆ ಬಲ. ಗದ್ದೆಯಲ್ಲಿ ದುಡಿಯುವವನು ಗಂಡು ಎಂದು ಅರ್ಥ. ನಾಟಿ ಹಾಕುವವರು, ಕಳೆ ಕೀಳುವವರು ಯಾರು ಎಂದು ಈ ಗುರುತು ಮಾಡಿದವರು ಗದ್ದೆಗೆ ಇಳಿದು ನೋಡಲಿಲ್ಲವೇನೋ.

ಯಾಂಗ್‌ಶುವೊ ತಲುಪಿದೆವು. ಸೈಕಲ್ ಬಾಡಿಗೆ ಅಂಗಡಿಗಳಿವೆ. ಮುಂಗಡ ಹಣ ಕಟ್ಟಿಸಿಕೊಳ್ಳುತ್ತಾರೆ, ವಾಪಸು ಕೊಡುತ್ತಾರೆ. ಚೀಟಿ ಜೋಪಾನ. ಅಲ್ಲಿನ ದುಡ್ಡು ಯುವಾನ್. 2025ರಲ್ಲಿ ಒಂದು ಯುವಾನ್ ಎಂದರೆ ಸುಮಾರು 12 ರೂಪಾಯಿ. ಸೈಕಲ್ ಏರುವ ಮುಂಚೆ ಟಯರ್ ಒತ್ತಿ ನೋಡಿ. ಬ್ರೇಕು ಹಿಡಿದು ನೋಡಿ. ಬೆಲ್ಲು ಬಾರಿಸಿ. ಇನ್ನೊಂದು ಮಾತು, ಮರೆಯಬೇಡಿ. ನಮ್ಮಲ್ಲಿ ರಸ್ತೆಯ ಎಡಕ್ಕೆ ಹೋಗುತ್ತೇವೆ. ಅಲ್ಲಿ ಬಲಕ್ಕೆ ಹೋಗಬೇಕು.

ಊರು ಬಿಟ್ಟರೆ ಬೆಟ್ಟಗಳು. ಆದರೆ ನಮ್ಮ ಮಲೆನಾಡಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿಲ್ಲ. ಗದ್ದೆಯ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟಗೆ ಎದ್ದು ನಿಂತಿವೆ, ಕಣದಲ್ಲಿ ಒಟ್ಟಿದ ಹುಲ್ಲಿನ ಬಣವೆಗಳ ಹಾಗೆ. ಇವು ಸುಣ್ಣದ ಕಲ್ಲಿನ ಬೆಟ್ಟಗಳು. ಕೋಟಿ ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇತ್ತು. ಚಿಪ್ಪು, ಹವಳ ತಳಕ್ಕೆ ಬಿದ್ದು ಕಲ್ಲಾದವು. ನೆಲ ಮೇಲೆದ್ದಿತು. ಮಳೆ ನೀರು ಈ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಮೆತ್ತಗಿನದು ಕರಗಿ ಹೋಯಿತು, ಗಟ್ಟಿ ಉಳಿಯಿತು. 2014ರಲ್ಲಿ ಗ್ವೀಲಿನ್ ಸುತ್ತಿನ ಈ ಬೆಟ್ಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಚೀನಾದ 20 ಯುವಾನ್ ನೋಟಿನ ಹಿಂದೆ ನೋಡಿ. ಶಿಂಗ್‌ಪಿಂಗ್ ಎಂಬ ಊರಿನ ಹತ್ತಿರ ಲಿ ನದಿ ಹೇಗೆ ಕಾಣುತ್ತದೋ, ಅದೇ ಚಿತ್ರ.

ಯೂಲಾಂಗ್ ಎಂಬ ಸಣ್ಣ ಹೊಳೆಯ ದಂಡೆ ಹಿಡಿದು ಸೈಕಲ್ ತುಳಿಯೋಣ. ದಾರಿ ಹೆಚ್ಚುಕಡಿಮೆ ಮಟ್ಟಸ, ಏರು ಕಡಿಮೆ. ಹೊಳೆಯಲ್ಲಿ ಬಿದಿರಿನ ತೆಪ್ಪಗಳು. ಉದ್ದನೆ ಕೋಲು ಊರಿ ನಡೆಸುತ್ತಾರೆ. ಆರುನೂರು ವರ್ಷ ಹಳೆಯ ಕಲ್ಲಿನ ಸೇತುವೆ ಇದೆ, ಒಂದೇ ಕಮಾನಿನದು. ಎಮ್ಮೆಗಳು ನೀರಲ್ಲಿ ಮುಳುಗಿ ಮೂಗು ಮಾತ್ರ ಮೇಲೆ ಬಿಟ್ಟಿರುತ್ತವೆ. ಭತ್ತದ ಗದ್ದೆ, ಚಕ್ಕೋತದ ಮರ, ಕಿತ್ತಳೆ ತೋಟ. ಏಪ್ರಿಲಿನಿಂದ ಜೂನ್‌ವರೆಗೆ ಮಳೆ ಜೋರು. ಅಕ್ಟೋಬರಿನಲ್ಲಿ ಹೋದರೆ ಗದ್ದೆ ಹೊಂಬಣ್ಣ, ಗ್ವೀ ಹೂವಿನ ಕಾಲವೂ ಅದೇ.

ಹಸಿವಾದರೆ ಅಕ್ಕಿ ಶಾವಿಗೆ ತಿನ್ನೋಣ. ಅದು ಗ್ವೀಲಿನ್ ಕಡೆಯ ಬೆಳಗಿನ ತಿಂಡಿ, ಬಡವರ ಊಟ. ಮೇಲೆ ಮಾಂಸದ ಚೂರು ಹಾಕುತ್ತಾರೆ, ಬೇಡದವರು ಮೊದಲೇ ಹೇಳಬೇಕು. ಕೈಯಲ್ಲಿ ತಿನ್ನುವ ಹಾಗಿಲ್ಲ, ಎರಡು ಕಡ್ಡಿ ಹಿಡಿಯಬೇಕು. ಕುಡಿಯಲು ಬಿಸಿನೀರು ಎಲ್ಲ ಕಡೆ ಸಿಗುತ್ತದೆ. ರೈಲಿನಲ್ಲೂ ಪುಕ್ಕಟೆ. ಬಾಟಲಿ ಕೈಯಲ್ಲಿದ್ದರೆ ದುಡ್ಡು ಉಳಿಯಿತು.

ಹಳ್ಳಿಯೊಳಗೆ ಹೊಕ್ಕರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪ್ರಾಯದವರು ಕಡಿಮೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು. ಅಪ್ಪ ಅಮ್ಮ ದೂರದ ಪಟ್ಟಣದ ಫ್ಯಾಕ್ಟರಿಗಳಿಗೆ ದುಡಿಯಲು ಹೋಗಿರುತ್ತಾರೆ. ಗುಳೆ ಹೋಗುವುದು ಅಲ್ಲೂ ಇದೆ. ಉಳಿದ ಹೆಂಗಸರು ಸುಮ್ಮನೆ ಕೂತಿಲ್ಲ. ಚಂದ್ರನ ಆಕಾರದ ತೂತು ಇರುವ ಒಂದು ಬೆಟ್ಟ ಇದೆ, ಚಂದ್ರಬೆಟ್ಟ ಅನ್ನುತ್ತಾರೆ. ಅಲ್ಲಿ ನೂರಾರು ಮೆಟ್ಟಿಲು. ಹಳ್ಳಿಯ ಹೆಂಗಸರು ನೀರು, ತಂಪು ಪಾನೀಯ ಹೊತ್ತು, ಹತ್ತುವವರ ಹಿಂದೆಯೇ ಹತ್ತಿ ಮಾರುತ್ತಿದ್ದರು. ಬಂದವರ ಬಾಯಿ ಕೇಳಿ ಕೇಳಿಯೇ ಪರದೇಶದ ಮಾತು ಕಲಿತವರು ಅವರಲ್ಲಿದ್ದರು. ದೊಡ್ಡ ಬಸ್ಸಿನಲ್ಲಿ ಬಂದವರು ದೊಡ್ಡ ಹೋಟೆಲಿಗೆ ಹೋಗುತ್ತಾರೆ. ಸೈಕಲ್ಲಿನವರಿಗೆ ಬಾಯಾರಿಕೆ ಆಗುವುದು ಹಳ್ಳಿಯಲ್ಲೇ. ಅವರ ಹತ್ತು ಯುವಾನ್ ಈ ಹೆಂಗಸರ ಸೆರಗಿಗೆ ಬೀಳುತ್ತದೆ.

ಈಗ ಸೈಕಲ್ ಅಂಗಡಿಗೆ ಒಪ್ಪಿಸಿ, ಮುಂಗಡ ವಾಪಸು ಪಡೆಯೋಣ. ಗ್ವೀಲಿನ್‌ನಿಂದ ಪೂರ್ವಕ್ಕೆ ಹೋದರೆ ಹುನಾನ್ ಎಂಬ ಪ್ರಾಂತ್ಯ. ಗಡಿಯಲ್ಲೇ ಜಿಯಾಂಗ್‌ಯೊಂಗ್ ಎಂಬ ತಾಲ್ಲೂಕು. ಮತ್ತೆ ಬಸ್ಸು ಹತ್ತಬೇಕು. ಇಷ್ಟು ದೂರ ಯಾಕೆ? ಇಲ್ಲಿನ ಹೆಂಗಸರು ತಮ್ಮದೇ ಅಕ್ಷರ ಮಾಡಿಕೊಂಡಿದ್ದರು!

ಹಿಂದೆ ಇಲ್ಲಿ ಹುಡುಗಿಯರಿಗೆ ಓದು ಕಲಿಸುತ್ತಿರಲಿಲ್ಲ. ಚೀನೀ ಗುರುತುಗಳು ಗಂಡಸರ ಪಾಲು. ಹೆಂಗಸರು ಹೊಲಿಗೆ, ಕಸೂತಿಗೆ ಒಟ್ಟಿಗೆ ಕೂರುತ್ತಿದ್ದರು. ಅಲ್ಲೇ ಈ ಬರಹ ತಾಯಿಯಿಂದ ಮಗಳಿಗೆ, ಗೆಳತಿಯಿಂದ ಗೆಳತಿಗೆ ಬಂತು. ಅದರ ಹೆಸರು ನ್ಯೂಶು. ಹೆಂಗಸರ ಬರಹ ಎಂದು ಅರ್ಥ. ಅಕ್ಷರಗಳು ತೆಳ್ಳಗೆ, ಓರೆಯಾಗಿ ಇರುತ್ತವೆ. ಇದರಲ್ಲಿ ಗುರುತು ಅರ್ಥಕ್ಕಲ್ಲ, ಉಲಿಗೆ. ಬಾಯಲ್ಲಿ ಹೇಗೋ ಬರಹದಲ್ಲೂ ಹಾಗೆ, ನಮ್ಮ ಕನ್ನಡದಂತೆ. ಬೀಸಣಿಗೆಯ ಮೇಲೆ ಬರೆದರು. ಬಟ್ಟೆಯ ಮೇಲೆ ದಾರದಲ್ಲಿ ಹೊಲಿದರು. ಗಂಡಸರಿಗೆ ಓದಲು ಬರುತ್ತಿರಲಿಲ್ಲ.

ಹೊರಗಿನ ವಿದ್ವಾಂಸರಿಗೆ ಇದು ಸರಿಯಾಗಿ ತಿಳಿದದ್ದು 1980ರ ದಶಕದಲ್ಲಿ. ಹಳೆಯ ರೀತಿಯಲ್ಲಿ ಕಲಿತು ಬರೆಯುತ್ತಿದ್ದವರಲ್ಲಿ ಕೊನೆಯವರು ಯಾಂಗ್ ಹುವಾನ್‌ಯಿ ಎಂಬ ಅಜ್ಜಿ ಎನ್ನುತ್ತಾರೆ. ಅವರು 2004ರಲ್ಲಿ ತೀರಿಕೊಂಡರು. ಈಗ ಪುವೇ ಎಂಬ ಹಳ್ಳಿಯಲ್ಲಿ ಇದಕ್ಕೆ ಒಂದು ಸಂಗ್ರಹಾಲಯ ಇದೆ.

ಮದುವೆಯಾಗಿ ಹೋದ ಹುಡುಗಿಗೆ ಮೂರನೆಯ ದಿನ ತವರಿನಿಂದ ಒಂದು ಪುಸ್ತಕ ಹೋಗುತ್ತಿತ್ತು. ಬಟ್ಟೆಯ ರಟ್ಟಿನ ಸಣ್ಣ ಪುಸ್ತಕ. ಮೊದಲ ಕೆಲವು ಹಾಳೆಗಳಲ್ಲಿ ಗೆಳತಿಯರು, ಮನೆಯ ಹೆಂಗಸರು ತಮ್ಮ ಸಂಕಟ, ಹಾರೈಕೆ ಬರೆಯುತ್ತಿದ್ದರು. ಹಾಳೆಗಳ ನಡುವೆ ಕಸೂತಿಯ ದಾರ ಇಟ್ಟುಕೊಳ್ಳುತ್ತಿದ್ದಳು ಆಕೆ. ಸತ್ತಾಗ ಅವಳ ಜೊತೆಗೇ ಹೂಳುತ್ತಿದ್ದರು, ಇಲ್ಲವೆ ಸುಡುತ್ತಿದ್ದರು. ಅದಕ್ಕೇ ಉಳಿದಿರುವುದು ಸ್ವಲ್ಪ. ಆ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇರುತ್ತಿದ್ದವು. ಅವಳೇ ಬರೆದುಕೊಳ್ಳಲಿ ಅಂತ.